ಮೂಗಿನ ಹಿಂಬಾಗಿಲು

ತಾಮ್ ಅಮ್ಮ ತಟ್ಟೆಯಲ್ಲಿದ್ದ ಮೀನನ್ನು ಊಟದ ಕಡ್ಡಿಗಳಿಂದ ಮಗುಚಿ ಹಾಕಿದ್ದೇ ತಡ, ಎದುರಿಗೆ ಕೂತಿದ್ದವನ ಕೈ ತಡೆಯುವಂತೆ ಸರಕ್ಕನೆ ಮುಂದೆ ಬಂತು. ಅರ್ಧ ದಾರಿಯಲ್ಲಿ ನಿಂತಿತು. ಆಮೇಲೆ ಏನೂ ಆಗಿಲ್ಲವೆಂಬಂತೆ ಪಕ್ಕದ ಸೋಯಾ ರಸದ ಬಟ್ಟಲನ್ನು ಎತ್ತಿಕೊಂಡಿತು.

ಮೋಕ್ ಸಾರ್ ಅಗಿಯುವುದನ್ನು ನಿಲ್ಲಿಸಿ ಆ ಕೈಯನ್ನೇ ನೋಡಿದ.

"ಯಾಕೆ ಸಾರ್, ಮುಳ್ಳು ಸಿಕ್ತಾ?" ಮನೆಯ ಮಗಳು ಸೂಕ್-ಹಾನ್ ಕೇಳಿದಳು.

"ಮುಳ್ಳಲ್ಲಮ್ಮ, ಅನ್ನ. ಇನ್ನೊಂದು ಚೂರು ಸೂಪು ಹಾಕು."

ಬರೀ ಅನ್ನ ಮೋಕ್‌ನ ಗಂಟಲಲ್ಲಿ ಇಳಿಯುವುದಿಲ್ಲ. ಪೊಲೀಸ್ ಕೆಲಸದಲ್ಲಿದ್ದಾಗಲೇ ಮೂಗಿನ ಹಿಂದೆ ಕ್ಯಾನ್ಸರ್ ಗಡ್ಡೆಯಾಗಿ, ಆಸ್ಪತ್ರೆಯಲ್ಲಿ ವಾರಗಟ್ಟಲೆ ವಿಕಿರಣದ ಕರೆಂಟು ಕೊಡಿಸಿಕೊಂಡು ಬದುಕಿ ಬಂದ ಆಸಾಮಿ. ಗಡ್ಡೆ ಹೋಯಿತು, ಅದರ ಜೊತೆ ಬಾಯಿಯ ಜೊಲ್ಲೂ ಹೋಯಿತು. ಅಂದಿನಿಂದ ಹೆಗಲಿಗೆ ನೀರಿನ ಫ್ಲಾಸ್ಕು, ಕಾಲಿಗೆ ಚಕ್ರ. ಒಂದು ಕಡೆ ಕೂರುವ ಜಾಯಮಾನವೇ ಹೊರಟುಹೋಗಿದೆ. ಹಾಂಕಾಂಗಿನಲ್ಲಿ ಇದೇನು ಅಪರೂಪದ ಕಾಯಿಲೆಯಲ್ಲ, ಓಣಿಗೊಬ್ಬರು ಸಿಗುತ್ತಾರೆ. ಉಪ್ಪುಮೀನು ತಿಂದು ಬೆಳೆದವರಿಗೇ ಅದು ಜಾಸ್ತಿ ಎಂದು ಡಾಕ್ಟರುಗಳು ಈಚೆಗೆ ಗುಸುಗುಸು ಶುರುಮಾಡಿದ್ದಾರೆ. ತಾಮ್ ಅಮ್ಮನ ಉಪ್ಪುಮೀನಿನ ಅಂಗಡಿಯ ಮಾಳಿಗೆಯಲ್ಲಿ ಕೂತು ಆ ಮಾತೆತ್ತುವ ಧೈರ್ಯ ಮಾತ್ರ ಮೋಕ್‌ಗೂ ಇರಲಿಲ್ಲ.

ಹದಿನೈದು ವರ್ಷದ ಹಿಂದೆ ಗಡಿ ದಾಟಿ ಚೀನಾದೊಳಗೆ ಮಾಯವಾದ ಈ ಮನೆಯ ಮಗ ಯೂಕ್-ಲುನ್ ತಾನೇ ಎಂದು ಹೇಳಿಕೊಂಡು ಎದುರಿನ ಮನುಷ್ಯ ಮೆಟ್ಟಿಲು ಹತ್ತಿ ಎರಡು ತಿಂಗಳಾಗಿತ್ತು. ನಾಳೆ ಬೆಳಗ್ಗೆ ತಾಮ್ ಅಮ್ಮ ನೋಂದಣಿ ಕಚೇರಿಗೆ ಹೋಗಿ, "ಇವನು ನಾನು ಹೆತ್ತ ಮಗ" ಎಂದು ಪ್ರಮಾಣ ಮಾಡುವವಳಿದ್ದಳು. ಮಾಡಿದರೆ ಅವನಿಗೆ ಗುರುತಿನ ಚೀಟಿ. ಪ್ರಮಾಣ ಸುಳ್ಳೆಂದು ಮುಂದೆ ಬಯಲಾದರೆ ಮುದುಕಿಗೆ ಜೈಲು. ಅವನು ಮಗನಲ್ಲವೆಂದು ಇವತ್ತೇ ತಿಳಿದರೆ ಪೊಲೀಸ್ ವ್ಯಾನು, ಸಂಜೆಯೊಳಗೆ ಗಡಿಯಾಚೆ. ಕಳೆದ ವರ್ಷದಿಂದ ಸರ್ಕಾರ ಬಿಗಿ ಮಾಡಿದೆ, ಕದ್ದು ಬಂದವರಿಗೆ ಇಲ್ಲಿ ಒಂದು ರಾತ್ರಿಯ ಜಾಗವೂ ಇಲ್ಲ.

ಸೂಕ್-ಹಾನ್ ಮೋಕ್‌ನನ್ನು ಪತ್ತೇದಾರಿಕೆಗೆಂದು ಹುಡುಕಿಕೊಂಡು ಬಂದದ್ದು ಅದಕ್ಕೇ. "ಅವನು ನನ್ನಣ್ಣ ಹೌದೋ ಅಲ್ವೋ, ಅಮ್ಮ ಬಾಯಿ ಬಿಡೋಕೆ ಮುಂಚೆ ನಂಗೆ ಹೇಳಿ ಸಾರ್. ಜೈಲಲ್ಲಿ ನಮ್ಮಮ್ಮನ್ನ ನೋಡೋ ಹಾಗೆ ಮಾಡ್ಬೇಡಿ."

ಇಲ್ಲಿವರೆಗೆ ತಕ್ಕಡಿ ಅವನ ಕಡೆಗೇ ವಾಲಿತ್ತು. ಮಗ ಮನೆ ಬಿಟ್ಟ ರಾತ್ರಿ ಅಮ್ಮ ಅವನ ಅಂಗಿಯ ಅಂಚಿನೊಳಗೆ ಒಣ ಕಿತ್ತಳೆ ಸಿಪ್ಪೆ ಇಟ್ಟು ಹೊಲಿದಿದ್ದಳಂತೆ. ಆ ಸಂಗತಿ ತಾಯಿ ಮಗ ಇಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ. ಬಂದವನು ಮೊದಲ ದಿನವೇ ಅದನ್ನು ಹೇಳಿದ್ದ. ಸೂಕ್-ಹಾನ್ ಕೂಡ ಅವತ್ತು ಅತ್ತಿದ್ದಳು.

ಆದರೆ ಈಗ ಆ ಕೈ. ಅದಕ್ಕೂ ಮೊದಲು, ಕೈ ತೊಳೆಯಲು ಹೋದಾಗ ಬಚ್ಚಲಿನ ಬುಟ್ಟಿಯಲ್ಲಿ ಕಂಡ ಹತ್ತಿಯ ಉಂಡೆ. ಸರಿಯಾಗಿ ಮೂಗಿನ ಹೊಳ್ಳೆಯ ಅಳತೆಯದು. ಅದರ ಒಂದು ತುದಿಯಲ್ಲಿ ಕಂದಿದ ರಕ್ತ ಅಂಟಿತ್ತು.

"ಮಗಾ, ಇನ್ನೊಂದು ತುಂಡು ಹಾಕ್ಕೋ," ತಾಮ್ ಅಮ್ಮ ಮೀನಿನ ಕೆನ್ನೆಯನ್ನೇ ಕಿತ್ತು ಅವನ ಬಟ್ಟಲಿಗಿಟ್ಟಳು. "ತಿಂದು ಏಳು. ಡಾಕ್ಟ್ರಮ್ಮನ ಹತ್ರ ಹೋಗಿಬರೋಣ."

"ಇವತ್ತೇ ಯಾಕಮ್ಮ? ಬಂದರಲ್ಲಿ ಚಂಡಮಾರುತದ ಒಂದನೇ ನಂಬರಿನ ಎಚ್ಚರಿಕೆ ಹಾಕಿದಾರಂತೆ."

"ಒಂದನೇ ನಂಬರಿಗೆಲ್ಲ ಹೆದರಿ ಮನೇಲಿ ಕೂತ್ರೆ ಈ ಊರಲ್ಲಿ ಬದುಕೋಕಾಗುತ್ತಾ? ನೋಡಿ ಸಾರ್, ಹುಟ್ಟಿದಾಗಿನಿಂದ ಇವನ ಬಲಮೂಗು ಬಂದ್. ಹಿಂಬದಿ ಬಾಗಿಲಲ್ಲಿ ಎಲುಬಿನ ಗೋಡೆ ಬೆಳ್ಕೊಂಡಿದೆ, ದೊಡ್ಡವನಾದ್ಮೇಲೆ ಒಡೆದು ತೆಗಿಬಹುದು ಅಂತ ಆಗಿನ ಡಾಕ್ಟ್ರು ಹೇಳಿದ್ರು. ಅವರೂ ಹೋದ್ರು, ಇವನೂ ಹೋದ. ಈಗ್ಲಾದ್ರೂ ನನ್ನ ಮಗ ಎರಡೂ ಮೂಗಲ್ಲಿ ಉಸಿರಾಡೋದನ್ನ ನೋಡ್ಬೇಕು."

ಅವನ ಕಡ್ಡಿಗಳು ಬಟ್ಟಲಿನಲ್ಲೇ ನಿಂತವು. ಬಲ ಹೊಳ್ಳೆಯೊಳಗೆ ಹತ್ತಿಯ ಬಿಳುಪು ಮೋಕ್‌ಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಮುದುಕಿಯ ಪ್ರೀತಿಯೇ ಇವನ ಕುತ್ತಿಗೆಗೆ ಬರುತ್ತಿದೆಯಲ್ಲ ಎಂದುಕೊಂಡ ಮೋಕ್. ಅಯ್ಯೋ ಅನ್ನಿಸಿತು. ಜೊತೆಗೇ, ಹಳೆಯ ಪೊಲೀಸ್ ಬುದ್ಧಿ, ಖುಷಿಯೂ ಆಯಿತು. "ಹೌದು, ಇವತ್ತೇ ಒಳ್ಳೇದು. ನಂಗೂ ಅದೇ ಡಾಕ್ಟ್ರು. ನಾನೂ ಬರ್ತೀನಿ," ಅಂದ.

ಸೂಕ್-ಹಾನ್ ಅಂಗಡಿಯ ಮುಂದೆ ನೇತುಹಾಕಿದ್ದ ಮೀನುಗಳನ್ನು ಗಾಳಿಗೆ ಮೊದಲೇ ಒಳಗೆ ತೆಗೆಯಬೇಕೆಂದು ಉಳಿದುಕೊಂಡಳು. ಬಾಗಿಲವರೆಗೆ ಬಂದು ಮೋಕ್‌ನ ತೋಳು ಹಿಡಿದು, "ಏನಿದ್ರೂ ಮೊದ್ಲು ನಂಗೆ," ಎಂದು ಪಿಸುಗುಟ್ಟಿದಳು.

ಮೂವರೂ ಟ್ರಾಮ್ ರಸ್ತೆ ದಾಟಿದರು. ಬಿಸಿಲಿಲ್ಲ, ಗಾಳಿಯಿಲ್ಲ, ಬೆವರು ಮಾತ್ರ ಧಾರಾಳ. ಮೋಕ್ ಎರಡು ಸಲ ಫ್ಲಾಸ್ಕು ಎತ್ತಿದ. ಮುದುಕಿ ಆ ಮನುಷ್ಯನ ತೋಳಿಗೆ ಜೋತುಬಿದ್ದು ನಡೆಯುತ್ತಿದ್ದಳು. ಅವನು ಅವಳ ಹೆಜ್ಜೆಗೆ ತನ್ನ ಹೆಜ್ಜೆ ಸಣ್ಣದು ಮಾಡಿಕೊಂಡು, ರಸ್ತೆ ಕಡೆಗೆ ತಾನು ನಿಂತು, ಅವಳನ್ನು ಅಂಗಡಿಗಳ ಕಡೆಗೆ ಇಟ್ಟುಕೊಂಡು ಸಾಗುತ್ತಿದ್ದ. ನಾಟಕವಾದರೆ ಬಹಳ ಅಚ್ಚುಕಟ್ಟಾದ ನಾಟಕ. ಮೋಕ್‌ಗೆ ಅದೂ ಕಿರಿಕಿರಿಯಾಯಿತು.

*

ಡಾಕ್ಟರ್ ಚಿಮ್ ಅವರ ಕ್ಲಿನಿಕ್ಕು ಚಹಾ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೋಕ್‌ನನ್ನು ಕಂಡದ್ದೇ ಅವರು ಕನ್ನಡಕ ಹಣೆಗೇರಿಸಿದರು.

"ಏನ್ ಮೋಕ್ ಸಾರ್! ನಿಮ್ಮ ಮೂಗು ತೋರಿಸೋಕೆ ಬನ್ನಿ ಅಂದ್ರೆ ಎರಡು ಸಲ ಚಕ್ಕರ್ ಹೊಡೆದ್ರಿ. ಈಗ ಬೇರೆಯವರ ಮೂಗು ಹಿಡ್ಕೊಂಡು ಬಂದ್ರಾ?"

"ನಂದು ಎಲ್ಲಿಗೂ ಓಡಿಹೋಗಲ್ಲ ಡಾಕ್ಟ್ರೇ. ಇವರದು ಅರ್ಜೆಂಟು."

ತಾಮ್ ಅಮ್ಮನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಬಾಗಿಲು ಹಾಕಿದರು. ಮೋಕ್ ಒಳಗೇ ಉಳಿದ. ಆ ಮನುಷ್ಯ ಕುರ್ಚಿಯ ಅಂಚಿನಲ್ಲಿ ಕೂತು, ಎರಡು ಕೈಯಿಂದಲೂ ಅದರ ಹಿಡಿ ಹಿಡಿದುಕೊಂಡಿದ್ದ.

"ಹೆದರ್ಬೇಡಿ. ಎಲ್ಲಿ ಏನು ನೋಡ್ತೀನಿ ಅಂತ ಮೊದ್ಲು ತೋರಿಸಿಬಿಡ್ತೀನಿ," ಎಂದು ಡಾಕ್ಟರ್ ಚಿಮ್ ಮೇಜಿನ ಮೇಲಿದ್ದ ಪ್ಲಾಸ್ಟರಿನ ತಲೆಯನ್ನು ಹತ್ತಿರ ಎಳೆದರು. ನಡುಮಧ್ಯೆ ಸೀಳಿದ ಅರ್ಧ ತಲೆ. ಪೆನ್ಸಿಲಿನ ತುದಿ ಮೂಗಿನಿಂದ ಒಳಗೆ ಹೋಯಿತು. "ಮೂಗು ಅಂದ್ರೆ ಮುಖದ ಮೇಲಿರೋ ಇಷ್ಟೇ ಅಂದ್ಕೊಂಡಿದಾರೆ ಜನ. ಅಲ್ಲ. ಹೀಗೆ ನೇರ ಹಿಂದಕ್ಕೆ ಹೋದ್ರೆ, ಗಂಟಲಿನ ಮೇಲೆ, ತಲೆಬುರುಡೆ ಕೆಳಗೆ, ಒಂದು ಪುಟ್ಟ ಕೋಣೆ ಇದೆ. ಮುಂದಿನ ಗೋಡೇಲಿ ಎರಡು ಬಾಗಿಲು, ಬಲಹೊಳ್ಳೆಗೊಂದು, ಎಡಹೊಳ್ಳೆಗೊಂದು. ಉಸಿರು ಆ ಬಾಗಿಲಿಂದ ಬಂದು ಗಂಟಲಿಗೆ ಇಳಿಯುತ್ತೆ."

"ನೆಲ ಇಲ್ವಾ?" ಮನುಷ್ಯ ಕೇಳಿದ. ಭಯದಲ್ಲೂ ಕುತೂಹಲ.

"ಇದೆಯಲ್ಲ, ಮೆತ್ತನೆ ಅಂಗುಳ. ತುದೀಲಿ ಕಿರುನಾಲಿಗೆ ಜೋತಾಡ್ತಿರುತ್ತೆ. ನುಂಗೋವಾಗ ಅದು ಮೇಲೆದ್ದು ಕೋಣೆ ಮುಚ್ಚುತ್ತೆ. ಇಲ್ದಿದ್ರೆ ಕುಡಿದ ನೀರೆಲ್ಲ ಮೂಗಿಂದ ಬರುತ್ತೆ. ನಮ್ಮ ಸಾರ್‌ನ ಕೇಳಿ."

"ನಕ್ಕಾಗ ಮಾತ್ರ," ಅಂದ ಮೋಕ್. "ಅದಕ್ಕೇ ನಾನು ನಗೋದು ಬಿಟ್ಟಿದೀನಿ."

"ಅಕ್ಕಪಕ್ಕದ ಗೋಡೇಲಿ ಒಂದೊಂದು ತೂತು. ಅಲ್ಲಿಂದ ಕಿವಿಗೆ ಕೊಳವೆ ಹೋಗುತ್ತೆ. ತೂತಿನ ಹಿಂದೆ ದಿಂಬಿನ ಹಾಗೆ ಒಂದು ಉಬ್ಬು, ಉಬ್ಬಿನ ಹಿಂದೆ ಒಂದು ಸಣ್ಣ ಗುಂಡಿ." ಪೆನ್ಸಿಲು ಆ ಗುಂಡಿಯಲ್ಲಿ ಒಂದು ಕ್ಷಣ ನಿಂತಿತು. ಮೋಕ್ ಬೇರೆ ಕಡೆ ನೋಡಿದ. ಅವನ ಗಡ್ಡೆ ಕೂತಿದ್ದದ್ದು ಅಂಥದೇ ಗುಂಡಿಯಲ್ಲಿ, ಎಡಗಡೆಯದರಲ್ಲಿ. ಅದು ಕುತ್ತಿಗೆಗೆ ಇಳಿದು ಗಂಟಾಗುವವರೆಗೂ ಅವನಿಗೆ ಸುಳಿವೇ ಕೊಟ್ಟಿರಲಿಲ್ಲ.

ಡಾಕ್ಟರು ಚಿಮಟ ಹಿಡಿದು ಬಲಹೊಳ್ಳೆಯ ಹತ್ತಿಯನ್ನು ಹೊರಗೆಳೆದರು. ಅದರ ಮೇಲೂ ರಕ್ತ.

"ಇದ್ಯಾಕೆ ತುರುಕಿದ್ದೀರಿ?"

"ಸೋರ್ತಿರುತ್ತೆ ಡಾಕ್ಟ್ರಮ್ಮ. ಚಿಕ್ಕಂದಿನಿಂದ."

"ರಕ್ತ?"

"ಹತ್ತಿ ಉಜ್ಜಿ ಉಜ್ಜಿ ಹುಣ್ಣಾಗಿರ್ಬೇಕು."

ಅವರು ಹತ್ತಿಯನ್ನು ತಟ್ಟೆಗೆ ಹಾಕಿದರು. ಗಂಟಲಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿದರು. ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಸ್ಪಿರಿಟ್ ದೀಪದ ಮೇಲೆ ಬೆಚ್ಚಗೆ ಮಾಡಿ, ತಮ್ಮ ಮುಂಗೈಗೆ ತಾಗಿಸಿ ಬಿಸಿ ನೋಡಿಕೊಂಡರು. ನಾಲಿಗೆ ಅದುಮಿ, ಕನ್ನಡಿಯನ್ನು ಕಿರುನಾಲಿಗೆಯ ಹಿಂದಕ್ಕೆ ಜಾರಿಸಿದರು.

"ಮೂಗಲ್ಲಿ ಉಸಿರಾಡಿ. ಬಾಯಲ್ಲಲ್ಲ. ಮೂಗಲ್ಲಿ."

ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಕೆಳಗೆ ಟ್ರಾಮ್ ಗಂಟೆ ಬಾರಿಸಿ ಹೋಯಿತು. ಡಾಕ್ಟರ್ ಚಿಮ್ ಕನ್ನಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರು. ನಿಲ್ಲಿಸಿದರು. ಮತ್ತೆ ತಿರುಗಿಸಿದರು. ಏನಾದರೊಂದು ಹರಟದೆ ಕೆಲಸ ಮಾಡಲಾರದ ಹೆಂಗಸು ಈಗ ಬಾಯಿಗೆ ಬೀಗ ಹಾಕಿದ ಹಾಗೆ ನಿಂತಿದ್ದರು.

ಮೋಕ್ ನಿಂತಲ್ಲಿ ನಿಲ್ಲಲಾರದೆ ಕುರ್ಚಿಯ ಈಚೆಗೆ ಬಂದ, ಆಚೆಗೆ ಹೋದ. "ಗೋಡೆ ಇದೆಯಾ ಡಾಕ್ಟ್ರೇ?"

"ಸ್ವಲ್ಪ ಸುಮ್ನಿರ್ತೀರಾ?"

ಕನ್ನಡಿ ಹೊರಗೆ ಬಂತು. ಅವರು ತಟ್ಟೆಯಿಂದ ತೆಳ್ಳನೆಯ ಕೆಂಪು ರಬ್ಬರ್ ಕೊಳವೆ ಎತ್ತಿ ಎಣ್ಣೆ ಸವರಿದರು. "ಬಲಮೂಗಲ್ಲಿ ಹಾಕ್ತೀನಿ. ಹಿಂದಿನ ಬಾಗಿಲು ನಿಜವಾಗ್ಲೂ ಮುಚ್ಚಿದ್ರೆ ಕೊಳವೆ ಅಲ್ಲೇ ನಿಲ್ಲುತ್ತೆ. ಬಾಯಿ ತೆರೆದಿರಲಿ."

ಕೊಳವೆ ಒಳಗೆ ಹೋಗುತ್ತಿತ್ತು. ಒಂದು ಬೆರಳುದ್ದ. ಇನ್ನೊಂದಿಷ್ಟು. ಆ ಮನುಷ್ಯನ ಕಣ್ಣಲ್ಲಿ ನೀರು ತುಂಬಿತು. ಮೋಕ್ ಬಗ್ಗಿ ಅವನ ಬಾಯೊಳಗೇ ನೋಡುತ್ತಿದ್ದ.

ಕಿರುನಾಲಿಗೆಯ ಹಿಂದಿನಿಂದ ಕೆಂಪು ರಬ್ಬರಿನ ತುದಿ ಮೆಲ್ಲಗೆ ಕೆಳಗಿಳಿಯಿತು.

ಗೋಡೆಯೂ ಇಲ್ಲ, ಎಲುಬೂ ಇಲ್ಲ. ಬಾಗಿಲು ಹಾರುಹೊಡೆದಿತ್ತು. ಇವನು ಯಾರ ಮಗನೋ, ತಾಮ್ ಅಮ್ಮನ ಮಗನಂತೂ ಅಲ್ಲ.

ಗೆದ್ದೆ ಅನ್ನಿಸಬೇಕಿತ್ತು. ಆದರೆ ಹೊರಗೆಳೆದ ಕೊಳವೆಯ ತುದಿಯಲ್ಲಿದ್ದ ಹಸಿ ರಕ್ತವನ್ನೂ, ಅದನ್ನು ನೋಡುತ್ತಿದ್ದ ಡಾಕ್ಟರ ಮುಖವನ್ನೂ ಕಂಡು ಮೋಕ್ ಒಂದು ಹೆಜ್ಜೆ ಹಿಂದೆ ಸರಿದ. ಆ ಮುಖ ಅವನಿಗೆ ಪರಿಚಯದ್ದೇ. ಒಂದು ಕಾಲದಲ್ಲಿ ಅದೇ ಕುರ್ಚಿಯಲ್ಲಿ ಅವನೇ ಕೂತು ಅದನ್ನು ನೋಡಿದ್ದ.

"ಸಾರ್, ಒಂದ್ನಿಮಿಷ ಬನ್ನಿ," ಎಂದು ಅವರು ಹಿಂಬದಿಯ ಔಷಧಿ ಕೋಣೆಗೆ ನಡೆದರು.

*

"ಬಲಗಡೆ ಗುಂಡೀಲಿ," ಡಾಕ್ಟರ್ ಚಿಮ್ ದನಿ ತಗ್ಗಿಸಿ ಅಂದರು. "ನಿಮ್ಮದು ಎಡ, ಇವನದು ಬಲ, ಅಷ್ಟೇ ವ್ಯತ್ಯಾಸ. ಮುಟ್ಟಿದ್ರೆ ರಕ್ತ. ಹತ್ತಿಗೂ ಅದಕ್ಕೂ ಸಂಬಂಧವೇ ಇಲ್ಲ. ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸ್ಬೇಕು. ಅದು ಬರೋವರೆಗೆ ಬಾಯಿಬಿಟ್ಟು ಹೇಳಲ್ಲ. ಆದ್ರೆ ನೀವು ಕೇಳಿದ್ರೆ..."

"ಕೇಳಲ್ಲ. ಗೊತ್ತಾಯ್ತು."

"ಕುತ್ತಿಗೆಗೆ ಇನ್ನೂ ಇಳಿದಿಲ್ಲ. ಈಗ್ಲೇ ಕರೆಂಟು ಕೊಟ್ರೆ ಬದುಕ್ತಾನೆ ಸಾರ್. ನೀವು ಬಂದಿದ್ದಕ್ಕಿಂತ ಮುಂಚೆ ಬಂದಿದಾನೆ."

"ಆಸ್ಪತ್ರೇಲಿ ಮೊದ್ಲು ಏನು ಕೇಳ್ತಾರೆ?"

"ಅದು ನಿಮಗೂ ಗೊತ್ತು. ಗುರುತಿನ ಚೀಟಿ." ಅವರು ನಲ್ಲಿ ತಿರುಗಿಸಿ ಕೈಗೆ ಸೋಪು ಹಚ್ಚಿಕೊಂಡರು. "ನಾನು ಮೂಗು ನೋಡೋಳು. ಯಾರ ಮಗ ಅನ್ನೋದು ನಿಮ್ಮ ತಲೆನೋವು. ಆಸ್ಪತ್ರೆಗೆ ಫೋನ್ ಮಾಡಿ ಬರ್ತೀನಿ. ಅಷ್ಟರಲ್ಲಿ ಏನು ಮಾಡ್ತೀರೋ ಮಾಡಿ."

ಮೋಕ್ ಫ್ಲಾಸ್ಕು ಎತ್ತಿದ. ಖಾಲಿ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಇವತ್ತು ಬೆಳಗ್ಗೆವರೆಗೂ ಇದೊಂದು ಸಲೀಸು ಕೇಸು: ಕಳ್ಳನಾದರೆ ಹಿಡಿದುಕೊಡು, ಮಗನಾದರೆ ಬಿಟ್ಟುಬಿಡು. ಈಗ ಕಳ್ಳನೂ ಆದ, ಹಿಡಿದುಕೊಟ್ಟರೆ ಸಾಯುವವನೂ ಆದ.

ಅವನು ಒಳಗೆ ಬಂದು ಕುರ್ಚಿಯೆದುರು ಸ್ಟೂಲು ಎಳೆದು ಕೂತ. ಎದ್ದ. ಮತ್ತೆ ಕೂತ.

"ಹೆಸರೇನು?"

"ತಾಮ್ ಯೂಕ್-ಲುನ್."

"ಅದಲ್ಲಪ್ಪ. ನಿಮ್ಮಪ್ಪ ಇಟ್ಟಿದ್ದು."

ಮನುಷ್ಯ ಬಾಗಿಲ ಕಡೆ ನೋಡಿದ. ಆಚೆ ಬೆಂಚಿನಲ್ಲಿ ತಾಮ್ ಅಮ್ಮ ಯಾರೊಡನೆಯೋ ಮೀನಿನ ರೇಟು ಮಾತಾಡುತ್ತಿರುವುದು ಕೇಳುತ್ತಿತ್ತು.

"ಮೆಲ್ಲಗೆ ಮಾತಾಡಿದ್ರೆ ಅವ್ರಿಗೆ ಕೇಳ್ಸಲ್ಲ. ಮಧ್ಯಾಹ್ನ ಅಮ್ಮ ಮೀನು ಮಗುಚಿದಾಗ ನಿನ್ ಜೀವ ಬಾಯಿಗೆ ಬಂತಲ್ಲ, ಯಾಕೆ? ತಟ್ಟೇಲಿ ಮೀನು ಮಗುಚಿದ್ರೆ ಸಮುದ್ರದಲ್ಲಿ ದೋಣಿ ಮಗುಚುತ್ತೆ ಅಂತ ಹೆದರೋರು ದೋಣೀಲಿ ಹುಟ್ಟಿದ ಜನ. ಅವ್ರು ಮೇಲಿನದು ತಿಂದು, ಮುಳ್ಳು ಎತ್ತಿ, ಕೆಳಗಿನದು ತಿಂತಾರೆ, ಮಗುಚೋದೇ ಇಲ್ಲ. ಮಾಳಿಗೆ ಮನೇಲಿ ಹುಟ್ಟಿದ ತಾಮ್ ಯೂಕ್-ಲುನ್‌ಗೆ ಯಾವ ದೋಣಿ ಮಾರಾಯ?"

ಅವನು ತನ್ನ ಕೈಯನ್ನು ನೋಡಿಕೊಂಡ. ತನ್ನನ್ನು ಹಿಡಿದುಕೊಟ್ಟ ಕೈ.

"ಸೊಯ್‌ಸಾಂಗ್," ಅಂದ ಕೊನೆಗೆ. "ಶೆಕ್ ಸೊಯ್‌ಸಾಂಗ್. ಎರಡು ತಿಂಗ್ಳಿಂದ ಎಲ್ಲಾ ಸರಿಯಾಗಿ ಮಾಡ್ದೆ ಸಾರ್. ಆ ಮನೆಯವ್ರ ಹಾಗೇ ಕೂತೆ, ಅವ್ರ ಹಾಗೇ ಮಲಗ್ದೆ. ಮೀನು ಮಗುಚೋದೊಂದು ಮಾತ್ರ ನೋಡೋಕಾಗ್ಲಿಲ್ಲ. ನಮ್ಮಪ್ಪ ಹೋಗಿದ್ದು ಹಾಗೇ, ದೋಣಿ ಮಗುಚಿ."

"ಯೂಕ್-ಲುನ್ ಎಲ್ಲಿ?"

ಅವನು ಅಂಗಿಯ ಅಂಚನ್ನು ಬೆರಳಲ್ಲಿ ಹಿಂಡಿದ.

"ಸತ್ತನಾ?"

"ಸತ್ತೋರ ಹೆಸ್ರು ಹಾಕ್ಕೊಂಡು ಓಡಾಡೋ ಪಾಪಿ ಅಲ್ಲ ಸಾರ್ ನಾನು."

"ಹಂಗಾದ್ರೆ ಬದುಕಿದಾನೆ. ಎಲ್ಲಿ?"

"ಚೀಟಿ ಕೈಗೆ ಬರ್ಲಿ. ಆಮೇಲೆ ಅಮ್ಮಂಗೆ ನಾನೇ ನನ್ನ ಬಾಯಾರೆ ಹೇಳ್ತೀನಿ. ನಿಮ್ಗಲ್ಲ."

"ಅಮ್ಮ ಅನ್ಬೇಡ."

"ಬೇರೇನನ್ಲಿ? ಎರಡು ತಿಂಗ್ಳಿಂದ ಅಂದು ಅಂದು ಬಾಯಿಗೆ ಅದೇ ಬರುತ್ತೆ." ಅವನ ಕಣ್ಣು ಕೆಂಪಾಗಿತ್ತು, ಕೊಳವೆಗೋ ಅಳುವಿಗೋ ತಿಳಿಯಲಿಲ್ಲ. "ನೀವು ಹೊರಗೆ ಹೋಗಿ ಹೇಳಿದ್ರೆ ಇವತ್ತೇ ನನ್ನ ವ್ಯಾನು ಹತ್ತಿಸ್ತಾರೆ. ಹತ್ತಿಸ್ಲಿ. ಲುನ್ ಎಲ್ಲಿದಾನೆ ಅನ್ನೋದೂ ನನ್ ಜೊತೇಲೇ ವ್ಯಾನು ಹತ್ತುತ್ತೆ."

ಬೆದರಿಕೆ. ಆದರೆ ಹೇಳುವಾಗ ಅವನು ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದ. ಮೋಕ್ ಎಷ್ಟೋ ಬೆದರಿಕೆ ಕೇಳಿದವನು, ಇಷ್ಟು ಬಡಪಾಯಿ ಬೆದರಿಕೆ ಕೇಳಿರಲಿಲ್ಲ.

"ಬಲಗಿವಿ ಹೇಗಿದೆ?" ಎಂದು ಥಟ್ಟನೆ ಕೇ‍ಳಿದ.

"ಹಾಂ? ಮುಚ್ಕೊಂಡಂಗಿದೆ. ಕೊಲ್ಲಿ ಈಜಿ ಬರೋವಾಗ ನೀರು ಹೊಕ್ಕಿದ್ದು ಇನ್ನೂ ಹೋಗಿಲ್ಲ. ಯಾಕೆ?"

"ಸುಮ್ನೆ." ನೀರಲ್ಲ ಅದು. ಕಿವಿಯ ಕೊಳವೆಯ ಬಾಯಿಗೆ ಗಡ್ಡೆ ಒತ್ತುತ್ತಿದೆ. "ಬಲಮೂಗಿನ ಸುದ್ದಿ ನಿಂಗೆ ಯಾರು ಹೇಳಿದ್ರು, ಲುನ್ನಾ?"

"ಇಲ್ಲ, ಅವ್ನು ಮೂಗಿನ ಮಾತೇ ಎತ್ತಿರ್ಲಿಲ್ಲ. ಬಂದ ದಿನ ಅಮ್ಮಾನೇ ಕೇಳಿದ್ರು, ಬಲಮೂಗು ಈಗ ಹೇಗಿದೆ ಅಂತ. ಎದೆ ಒಡೆದೇ ಹೋಯ್ತು. ಹಾಗೇ ಇದೆ ಅಂದ್ಬಿಟ್ಟೆ. ಮಾರನೇ ದಿನದಿಂದ ಹತ್ತಿ ಇಟ್ಕೊಳ್ಳೋಕೆ ಶುರುಮಾಡ್ದೆ. ಆ ಹತ್ತೀನೇ ಈಗ ರಕ್ತ ತೆಗೀತಿದೆ, ನೋಡಿ."

ಮೋಕ್ ಕೇಳಿಸಿಕೊಂಡ, ಆದರೆ ತಲೆಗೆ ಹಾಕಿಕೊಳ್ಳಲಿಲ್ಲ. ಬೇರೆ ದಿನವಾಗಿದ್ದರೆ ಆ ಮಾತಿನ ಬಾಲ ಹಿಡಿದು ಊರೆಲ್ಲ ಸುತ್ತುತ್ತಿದ್ದ. ಇವತ್ತು ಅವನ ಮನಸ್ಸು ಆ ಗುಂಡಿಯಲ್ಲಿ ಕಾಲು ಜಾರಿ ಬಿದ್ದಿತ್ತು. ಈ ಮನುಷ್ಯನಿಗೆ ತನ್ನೊಳಗೆ ಏನಿದೆಯೆಂದೇ ಗೊತ್ತಿಲ್ಲ. ತಾನು ಆಡಿದ ಸುಳ್ಳಿಗೇ ರಕ್ತ ಬರುತ್ತಿದೆ ಎಂದುಕೊಂಡು ಕೂತಿದ್ದಾನೆ.

"ಇಲ್ಲೇ ಕೂತಿರು. ಎಲ್ಲೂ ಹೋಗ್ಬೇಡ," ಎಂದು ಮೋಕ್ ಎದ್ದು ಬಾಗಿಲು ತೆರೆದ.

*

ಮೀನಿನ ರೇಟು ಕೇಳುತ್ತಿದ್ದ ಹೆಂಗಸು ಹೋಗಿಯಾಗಿತ್ತು. ತಾಮ್ ಅಮ್ಮ ಒಬ್ಬಳೇ, ಕೈಚೀಲ ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು.

"ನೋಡಿದ್ರಾ ಸಾರ್? ಏನಂದ್ರು ಡಾಕ್ಟ್ರಮ್ಮ? ಬಾಗಿಲು ಇನ್ನೂ ಮುಚ್ಚಿದೆಯಾ?"

ಇಪ್ಪತ್ತು ವರ್ಷ ಪೊಲೀಸ್ ಕೆಲಸ, ಆಮೇಲೆ ಈ ಖಾಸಗಿ ಕಸುಬು. ಕೇಳಿದವರಿಗೆ ಸುಳ್ಳು ಹೇಳಿ ಸಮಾಧಾನ ಮಾಡುವ ಪದ್ಧತಿ ಮೋಕ್‌ನದಲ್ಲ. ಸೂಕ್-ಹಾನ್‌ಗೆ ಮೊದಲು ಹೇಳುತ್ತೇನೆಂದು ಮಾತು ಕೊಟ್ಟಿದ್ದ. ಈ ಮುದುಕಿ ನಾಳೆ ಪ್ರಮಾಣ ಮಾಡಿ ಜೈಲಿಗೆ ಹೋಗದಂತೆ ತಡೆಯುವುದೇ ಅವನ ಕೆಲಸ. ಒಂದೇ ಒಂದು ಮಾತು ಹೇಳಿದರೆ ಸಾಕಿತ್ತು.

ಅವನ ಕಣ್ಣ ಮುಂದೆ ಕೆಂಪು ಕೊಳವೆಯ ತುದಿ ಬಂತು. ಆಸ್ಪತ್ರೆಯ ತಣ್ಣನೆಯ ಮೇಜು ಬಂತು. ಅದರ ಮೇಲೆ ಮಲಗಿ ಬೆಳಗಾದರೆ ಇನ್ನೊಂದು ದಿನ ಸಿಗುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿದ್ದ ತಾನೇ ಬಂದ.

"ಮುಚ್ಚಿದೆ ಅಮ್ಮ," ಅಂದ. "ಬಲಗಡೆ. ನೀವು ಹೇಳಿದ ಹಾಗೇ, ಎಲುಬಿನ ಗೋಡೆ. ನಾನೇ ಕಣ್ಣಾರೆ ನೋಡ್ದೆ."

ತಾಮ್ ಅಮ್ಮ ನಗಲಿಲ್ಲ. ಅಳಲೂ ಇಲ್ಲ. ಪಕ್ಕದ ಜಾಗವನ್ನು ಕೈಯಿಂದ ತಟ್ಟಿ, "ಕೂತ್ಕೊಳ್ಳಿ ಸಾರ್," ಅಂದಳು.

ಕೂತ.

"ನನ್ನ ಮಗಂದು ಎಡಮೂಗು."

ಮೋಕ್‌ಗೆ ಕೇಳಿದ್ದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕಿವಿಯವರೆಗೂ ಬಿಸಿಯೇರಿತು.

"ಮೆಟ್ಟಿಲು ಹತ್ತೋ ಸದ್ದಲ್ಲೇ ಗೊತ್ತಾಯ್ತು ನಂಗೆ, ಇವ್ನಲ್ಲ ಅಂತ. ಹೆತ್ತೋಳಿಗೆ ಗೊತ್ತಾಗಲ್ವಾ? ಆದ್ರೂ ಆಸೆ ನೋಡಿ, ಬಿಡ್ಲಿಲ್ಲ. ಒಂದು ಮಾತು ಎಸೆದು ನೋಡೋಣ ಅಂತ ಬಲಮೂಗು ಹೇಗಿದೆ ಮಗಾ ಅಂದೆ. ಮಾರನೇ ದಿನ ಹತ್ತಿ ತುರುಕ್ಕೊಂಡು ತಿಂಡಿಗೆ ಬಂದು ಕೂತ, ಪಾಪ." ಅವಳು ದನಿ ಏರಿಸಲಿಲ್ಲ. ಸಂತೆಯಲ್ಲಿ ಮೀನು ಆರಿಸುವಾಗಿನ ದನಿಯೇ. "ಇವತ್ತು ನಿಮ್ಮನ್ನ ಇಲ್ಲಿಗೆ ಎಳ್ಕೊಂಡು ಬಂದಿದ್ದು ಅವ್ನನ್ನ ನೋಡೋಕಲ್ಲ, ನಿಮ್ಮನ್ನ ನೋಡೋಕೆ. ನನ್ನ ಮಗಳು ತಂದ ಮನುಷ್ಯ ನಾಳೆ ಕಚೇರೀಲಿ ಅಡ್ಡ ಬರ್ತಾನೋ ಏನೋ ಅಂತ."

"ಗೊತ್ತಿದ್ದೂ ನಾಳೆ ಪ್ರಮಾಣ ಮಾಡ್ತೀರಾ? ಜೈಲಮ್ಮ ಅದು!"

"ಕಿತ್ತಳೆ ಸಿಪ್ಪೆ ಹೊಲಿದಿದ್ದು ನಾನು. ನೋಡಿದ್ದು ನನ್ನ ಮಗ ಒಬ್ಬನೇ. ಇವನಿಗೆ ಹೇಳಿದ್ದು ಯಾರು? ಇವ್ನನ್ನ ಗಡಿ ದಾಟಿಸಿಬಿಟ್ರೆ ನಾನು ಯಾರನ್ನ ಕೇಳ್ಲಿ ಸಾರ್? ಅದಕ್ಕೇ ಅನ್ನ ಹಾಕ್ತಿದೀನಿ. ನನ್ನ ಅನ್ನ ತಿಂದು ತಿಂದು ಒಂದಿನ ತಾನಾಗೇ ಬಾಯಿ ಬಿಡ್ತಾನೆ. ಕೆಟ್ಟವನಲ್ಲ ಅವ್ನು. ಜೈಲಿಗೆ ಹೋಗಿ ಬಂದ್ರೂ ಪರವಾಗಿಲ್ಲ, ಬರೋವಾಗ ಮಗ ಎಲ್ಲಿದಾನೆ ಅಂತ ಗೊತ್ತಿದ್ರೆ ಸಾಕು."

ಮೋಕ್ ಒಣ ತುಟಿ ಸವರಿಕೊಂಡ.

"ಈಗ ನೀವು ಹೇಳಿ," ಅಂದಳು ತಾಮ್ ಅಮ್ಮ. ಮೊದಲ ಸಲ ಅವಳ ಕಣ್ಣು ನೇರ ಅವನ ಕಣ್ಣಿಗೆ ಬಂತು. "ಸುಳ್ಳು ಹೇಳೋ ಜಾತಿಯಲ್ಲ ನೀವು. ಇಲ್ಲದ ಗೋಡೆ ಇದೆ ಅಂದ್ರಿ. ಯಾರೋ ಗೊತ್ತಿಲ್ದೋನಿಗೋಸ್ಕರ ಯಾಕೆ ಅಂದ್ರಿ? ಅವ್ನ ಮೂಗಿನ ಹಿಂದೆ ಏನು ನೋಡಿದ್ರಿ?"

ಒಳಗೆ ಡಾಕ್ಟರ್ ಚಿಮ್ ಫೋನಿನಲ್ಲಿ ಯಾರಿಗೋ ಜೋರು ಮಾಡುತ್ತಿದ್ದರು. ಕಿಟಕಿಯ ಗಾಜು ಮೊದಲ ಗಾಳಿಗೆ ಅಲುಗಿತು.

"ನಂಗಾಗಿದ್ದೇ ಅಮ್ಮ," ಅಂದ ಮೋಕ್.

ಓಣಿಗೊಬ್ಬ ಅಂಥ ರೋಗಿಯನ್ನು ಕಂಡವಳಿಗೆ ಅಷ್ಟೇ ಸಾಕಾಗಿತ್ತು. ಕೈಚೀಲದ ಹಿಡಿಯನ್ನು ಅವಳ ಬೆರಳುಗಳು ಬಿಗಿಯಾಗಿ ಹಿಡಿದವು. ಅವಳ ಕಣ್ಣಲ್ಲಿ ಮರುಕ ಬರುತ್ತದೆಂದು ಮೋಕ್ ಕಾದ. ಬಂತು, ಬರಲಿಲ್ಲವೆಂದಲ್ಲ. ಆದರೆ ಅದಕ್ಕಿಂತ ಮೊದಲು ಬೇರೆ ಏನೋ ಬಂದು, ಮರುಕವನ್ನು ಬದಿಗೆ ತಳ್ಳಿ ನಿಂತುಕೊಂಡಿತು.

"ಅವ್ನಿಗೆ ಗೊತ್ತಾ?"

"ಇಲ್ಲ."

"ಗೊತ್ತಾದ್ರೆ ಬಾಯಿ ಬಿಡ್ತಾನಾ, ಇಲ್ಲಾ ಇನ್ನೂ ಮುಚ್ಕೊಂಡ್ಬಿಡ್ತಾನಾ?" ಅವಳು ಹತ್ತಿರ ಬಾಗಿದಳು. ಉಪ್ಪುಮೀನಿನ ವಾಸನೆ ಮೋಕ್‌ನ ಮುಖಕ್ಕೆ ಬಂತು. "ಸಾರ್, ನೀವು ಅನುಭವಿಸಿದೋರು, ನಿಜ ಹೇಳಿ. ಇನ್ನೆಷ್ಟು ದಿನ ಅವ್ನು ಮಾತಾಡೋ ಹಾಗಿರ್ತಾನೆ?"

ಬಾಗಿಲು ಕಿರ್ರೆಂದಿತು. ಸೊಯ್‌ಸಾಂಗ್ ಬಲಮೂಗಿಗೆ ಹೊಸ ಹತ್ತಿ ಇಟ್ಟುಕೊಂಡು, ಅಂಗಿಯ ಕಾಲರು ಸರಿಮಾಡಿಕೊಳ್ಳುತ್ತ ನಿಂತಿದ್ದ. ಮೋಕ್‌ನ ಮುಖ ನೋಡಿದ, ಅಲ್ಲಿ ಏನೂ ಸಿಗದೆ ಮುದುಕಿಯ ಕಡೆ ತಿರುಗಿದ.

"ಅಮ್ಮಾ, ಮುಗೀತು. ಮಳೆ ಬರೋಕೆ ಮುಂಚೆ ಮನೆಗೆ ಹೋಗೋಣ್ವಾ?"

"ಬಂದೆ ಕಂದಾ," ಎಂದು ತಾಮ್ ಅಮ್ಮ ಅಕ್ಕರೆಯಿಂದ ಕೈ ಚಾಚಿದಳು.